ಮಾರಾಟವಾಗದ ಅನಾನಸ್‌ನಿಂದ ವಿನೆಗರ್: ಮನೆಯಲ್ಲಿ ಬಿಯರ್ ಮಾಡೋ ಹವ್ಯಾಸಿಗಳಿಂದ ಕಲಿತ ಪಾಠ



ಅನಾನಸ್ ಬೆಳೆದವರಿಗೆ ಈ ಸಂಕಟ ಗೊತ್ತೇ ಇರತ್ತೆ. ಒಂದೂವರೆ ಕೆಜಿ ಮೇಲಿನ ಹಣ್ಣು ಲಾರಿ ಹತ್ತತ್ತೆ. ಮುಕ್ಕಾಲು ಕೆಜಿಯ ಕುಳ್ಳ ಹಣ್ಣು, ಬಿಸಿಲು ಬಡಿದು ಒಂದು ಮಗ್ಗುಲು ಬಿಳಿಚಿದ ಹಣ್ಣು, ಕೊಯ್ಯುವಾಗ ಬಿದ್ದು ಪೆಟ್ಟಾದ ಹಣ್ಣು, ಇವೆಲ್ಲ ಬದುವಿನ ಮೇಲೆ ರಾಶಿ ಬೀಳತ್ತೆ. ಎರಡು ದಿನ ಕಳೆದರೆ ನೊಣ ಮುತ್ತತ್ತೆ, ಮೂರನೇ ದಿನ ಗೊಬ್ಬರದ ಗುಂಡಿಗೆ. ದರ ಬಿದ್ದ ವರ್ಷ ಒಳ್ಳೆ ಹಣ್ಣಿಗೂ ಇದೇ ಗತಿ.

ನಾನು ಮೊದಲ ಸಲ ವಿನೆಗರ್ ಮಾಡೋಕೆ ಹೊರಟಿದ್ದು ಇಂಥ ವರ್ಷದಲ್ಲೇ. 40 ಲೀಟರ್ ರಸ ಹಿಂಡಿ, ಗೊಬ್ಬರದ ದ್ರಾವಣಕ್ಕೆ ಇಟ್ಟಿದ್ದ ಡ್ರಮ್ಮನ್ನೇ ತೊಳೆದು ತುಂಬಿ, ಮುಚ್ಚಳ ಹಾಕಿ, "ತಾನಾಗೇ ಹುಳಿಯಾಗತ್ತೆ" ಅಂತ ಬಿಟ್ಟೆ. ಇಪ್ಪತ್ತು ದಿನ ಬಿಟ್ಟು ತೆಗೆದರೆ ಮೇಲೆ ಹಸಿರು ಬೂಸು, ಒಳಗೆ ಹೊಟ್ಟೆ ತೊಳೆಸೋ ವಾಸನೆ. ಅಮ್ಮ ಸೆರಗಲ್ಲಿ ಮೂಗು ಮುಚ್ಚಿಕೊಂಡು, "ಇದನ್ನ ತೆಂಗಿನ ಬುಡಕ್ಕೂ ಹಾಕ್ಬೇಡ ಕಣೋ" ಅಂದ್ರು. ತೋಟಗಾರಿಕೆ ಪದವಿ ಓದುವಾಗ ಸಕ್ಕರೆ ಆಲ್ಕೋಹಾಲ್ ಆಗಿ, ಆಲ್ಕೋಹಾಲ್ ಅಸಿಟಿಕ್ ಆಮ್ಲ ಆಗೋ ಸಮೀಕರಣವನ್ನ ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತಗೊಂಡಿದ್ದೆ. ಡ್ರಮ್ಮಿನ ಮುಂದೆ ಆ ಅಂಕ ಕೆಲಸಕ್ಕೆ ಬರಲಿಲ್ಲ.

ದಾರಿ ತೋರಿಸಿದ್ದು ಜರ್ಮನಿಯಲ್ಲಿ ಕೆಲಸ ಮಾಡೋ ನನ್ನ ಕಾಲೇಜು ಗೆಳೆಯ. ಅವನು ಅಲ್ಲಿ ರಜಾ ದಿನಗಳಲ್ಲಿ ಮನೆಯಲ್ಲೇ ಬಿಯರ್ ಮಾಡ್ತಾನೆ. ನನ್ನ ಕತೆ ಕೇಳಿ ಅವನು ಕೇಳಿದ್ದು ನಾಲ್ಕೇ ಪ್ರಶ್ನೆ: ರಸದ ಸಕ್ಕರೆ ಎಷ್ಟಿತ್ತು? ಯಾವ ಯೀಸ್ಟ್ ಹಾಕಿದೆ? ಎಷ್ಟು ಡಿಗ್ರಿ ಶಾಖದಲ್ಲಿ ಇಟ್ಟೆ? ಬರೆದಿಟ್ಟಿದ್ದೀಯಾ? ನಾಲ್ಕಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿನ ಪಾಠ ಆ ನಾಲ್ಕು ಪ್ರಶ್ನೆಗಳ ಉತ್ತರ.

ಬಿಯರ್‌ಗೂ ವಿನೆಗರ್‌ಗೂ ಏನು ಸಂಬಂಧ?

ಹಣ್ಣಿನ ವಿನೆಗರ್ ಎರಡು ಹಂತದ ಕೆಲಸ. ಎರಡೂ ಹಂತದಲ್ಲಿ ದುಡಿಯೋದು ಬೇರೆ ಬೇರೆ ಜೀವಿಗಳು.

ಮೊದಲ ಹಂತ ಯೀಸ್ಟ್‌ನದ್ದು. ಅದು ರಸದ ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಬಿಡತ್ತೆ. ಈ ಹಂತಕ್ಕೆ ಹೊರಗಿನ ಗಾಳಿ ಸೇರಬಾರದು. ಬಿಯರ್ ಮಾಡೋರು ನಿಲ್ಲಿಸೋದು ಇಲ್ಲಿಗೇ.

ಎರಡನೇ ಹಂತ ಅಸಿಟೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾದ್ದು. ಅದು ಆಲ್ಕೋಹಾಲನ್ನ ಗಾಳಿಯ ಆಮ್ಲಜನಕದ ಜೊತೆ ಸೇರಿಸಿ ಅಸಿಟಿಕ್ ಆಮ್ಲ ಮಾಡತ್ತೆ. ಇದಕ್ಕೆ ಗಾಳಿ ಬೇಕೇ ಬೇಕು. ದ್ರವದ ಮೇಲೆ ಪದರ ಕಟ್ಟೋ ಜೀವಿಯೇ ಹುಳಿಗೆ ಕಾರಣ ಅಂತ 1860ರ ದಶಕದಲ್ಲಿ ಲೂಯಿ ಪಾಶ್ಚರ್ ತೋರಿಸಿಕೊಟ್ಟಿದ್ದರು.

ಒಂದಕ್ಕೆ ಗಾಳಿ ಬೇಡ, ಇನ್ನೊಂದಕ್ಕೆ ಗಾಳಿ ಬೇಕು. ನಾನು ಎರಡನ್ನೂ ಒಂದೇ ಡ್ರಮ್ಮಿನಲ್ಲಿ ಮುಚ್ಚಿಟ್ಟಿದ್ದೆ. ಯೀಸ್ಟ್ ಹಾಕದೇ ಇದ್ದಿದ್ದರಿಂದ ಸಿಕ್ಕಿದ ಜೀವಿಗಳೆಲ್ಲ ನುಗ್ಗಿದ್ದವು. ಕೊಳೆಯದೇ ಇನ್ನೇನು?

ಮುಂದೆ ಹೋಗೋ ಮುಂಚೆ ಒಂದು ಎಚ್ಚರಿಕೆ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸೋದು ಅಪರಾಧ. ಹಾಗಾಗಿ ಇಲ್ಲಿ ಬಿಯರ್ ಮಾಡೋ ವಿಧಾನ ಹೇಳ್ತಿಲ್ಲ, ಅವರ ಶಿಸ್ತನ್ನ ಮಾತ್ರ ಸಾಲ ತಗೊಳ್ತಿದ್ದೀವಿ. ವಿನೆಗರ್‌ನ ಮೊದಲ ಹಂತ ಮುಗಿದಾಗ ನಿಮ್ಮ ಕೈಲಿರೋದೂ ಆಲ್ಕೋಹಾಲ್ ಇರೋ ದ್ರವವೇ. ಅದನ್ನ ಕುಡಿಯೋದು, ಕೊಡೋದು, ಕೂಡಿಡೋದು ಯಾವುದೂ ಬೇಡ. ಹೆಪ್ಪು ಮೊದಲೇ ಸಿದ್ಧ ಮಾಡಿಕೊಂಡು, ಹುದುಗು ನಿಂತ ಕೂಡಲೇ ಎರಡನೇ ಹಂತಕ್ಕೆ ಹಾಕಿ. ಅಡುಗೆಮನೆ ಅಳತೆ ದಾಟಿ ದೊಡ್ಡದಾಗಿ ಮಾಡೋ ಯೋಚನೆ ಇದ್ದರೆ, ಮೊದಲು ಅಬಕಾರಿ ಕಚೇರಿಗೆ ಹೋಗಿ ವಿಚಾರಿಸಿ, ಉತ್ತರವನ್ನ ಬರಹದಲ್ಲಿ ತಗೊಳ್ಳಿ.

ಹವ್ಯಾಸಿಗಳಿಂದ ಕಲಿಯಬೇಕಾದ್ದು

ಅಮೆರಿಕದಲ್ಲಿ ಮನೆಯಲ್ಲಿ ಬಿಯರ್ ಮಾಡೋಕೆ ಕೇಂದ್ರ ಸರ್ಕಾರದ ಕಾನೂನಲ್ಲಿ ದಾರಿ ತೆರೆದಿದ್ದು 1978ರಲ್ಲಿ, ಜಿಮ್ಮಿ ಕಾರ್ಟರ್ ಅಧ್ಯಕ್ಷರಾಗಿದ್ದಾಗ. ಅದೇ ವರ್ಷ ಹವ್ಯಾಸಿಗಳ ಸಂಘವೂ ಹುಟ್ಟಿತು. ಆಮೇಲೆ ಅವರೆಲ್ಲ ಮಾಡಿದ ದೊಡ್ಡ ಕೆಲಸ ಅಂದರೆ ತಮ್ಮ ಅಳತೆ, ತಮ್ಮ ತಪ್ಪು ಎರಡನ್ನೂ ಒಬ್ಬರಿಗೊಬ್ಬರು ಹೇಳಿಕೊಂಡಿದ್ದು. ಕಾರ್ಖಾನೆಯವರು ಗುಟ್ಟು ಮಾಡೋದನ್ನ ಇವರು ಬಾಯಿಬಿಟ್ಟು ಮಾತಾಡಿದರು.

ನಮಗೆ ಇನ್ನೂ ಹತ್ತಿರ ಅನ್ನಿಸೋದು ಪಶ್ಚಿಮ ನಾರ್ವೆಯ ರೈತರ ಪದ್ಧತಿ. ಅಲ್ಲಿನ ವೋಸ್ ಮುಂತಾದ ಕಡೆ ರೈತ ಮನೆಗಳಲ್ಲಿ ತಲೆಮಾರುಗಳಿಂದ ಬಿಯರ್ ಮಾಡ್ತಾ ಬಂದಿದ್ದಾರೆ. ಅವರ ಯೀಸ್ಟ್‌ಗೆ ಅಲ್ಲಿನ ಆಡುಮಾತಲ್ಲಿ "ಕ್ವೈಕ್" ಅಂತಾರೆ. ಒಂದು ಸಲದ ಹುದುಗು ಮುಗಿದ ಮೇಲೆ ಯೀಸ್ಟ್ ತೆಗೆದು, ಮರದ ಚೂರುಗಳನ್ನ ಹೆಣೆದ ಬಳೆಗೋ ಬಟ್ಟೆಗೋ ಹಚ್ಚಿ ಒಣಗಿಸಿ ಎತ್ತಿಡ್ತಿದ್ದರು. ಮುಂದಿನ ಸಲಕ್ಕೆ ಅದೇ ಬೀಜ. ಒಬ್ಬರ ಮನೆಯ ಯೀಸ್ಟ್ ಕೆಟ್ಟರೆ ಪಕ್ಕದ ಮನೆಯಿಂದ ತರೋದು. ಹೀಗೆ ಆರಿಸಿ ಉಳಿಸಿಕೊಂಡು ಬಂದ ಆ ಯೀಸ್ಟ್ 35 ಡಿಗ್ರಿ ದಾಟಿದ ಬಿಸಿಯಲ್ಲೂ ಚೊಕ್ಕವಾಗಿ ಕೆಲಸ ಮಾಡತ್ತೆ. ಸಾಮಾನ್ಯ ಬಿಯರ್ ಯೀಸ್ಟ್ ಅಷ್ಟು ಬಿಸಿಗೆ ಕೆಟ್ಟ ರುಚಿ ಕೊಡತ್ತೆ.

ಬಿತ್ತನೆ ಬೀಜವನ್ನ ಬೂದಿ ಬೆರೆಸಿ ಮಡಕೆಯಲ್ಲಿ ಕಾಪಾಡಿದ ನಮ್ಮ ಅಜ್ಜಿಯರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಮೊಸರು ತೀರಿದ ದಿನ ಪಕ್ಕದ ಮನೆಗೆ ಹೋಗಿ ಹೆಪ್ಪು ಕೇಳೋದೂ ಇದೇ ಅಲ್ವಾ? ವಿನೆಗರ್‌ಗೂ ಇಂಥ ಹೆಪ್ಪು ಇದೆ. ಅದನ್ನ "ತಾಯಿ" ಅಂತ ಕರೀತಾರೆ.

ಬೇಕಾದ ಸಾಮಾನು

- 15 ಲೀಟರ್‌ನ ಆಹಾರ ದರ್ಜೆಯ ಪ್ಲಾಸ್ಟಿಕ್ ಕ್ಯಾನ್ ಒಂದು. ಕೀಟನಾಶಕ, ಗೊಬ್ಬರ, ಎಣ್ಣೆ ತುಂಬಿದ್ದ ಕ್ಯಾನ್ ಎಷ್ಟು ತೊಳೆದರೂ ಬೇಡ.
- ಅಗಲ ಬಾಯಿಯ ಗಾಜಿನ ಜಾಡಿ ಅಥವಾ ಆಹಾರ ದರ್ಜೆಯ ಟಬ್. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ, ತಗಡು ಯಾವುದೂ ಮುಟ್ಟಿಸಬೇಡಿ, ಆಮ್ಲಕ್ಕೆ ಲೋಹ ಕರಗತ್ತೆ.
- ಹೈಡ್ರೋಮೀಟರ್ ಮತ್ತು ಅದರ ಗಾಜಿನ ಕೊಳವೆ. ದ್ರಾಕ್ಷಿ ಬೆಳೆಗಾರರ ಹತ್ತಿರ ಇರೋ ರಿಫ್ರಾಕ್ಟೋಮೀಟರ್ ಸಿಕ್ಕರೆ ರಸ ಅಳೆಯೋಕೆ ಅದೂ ಆಗತ್ತೆ.
- ಥರ್ಮಾಮೀಟರ್, ಅಡುಗೆ ತಕ್ಕಡಿ.
- ಬೇಕರಿಯವರು ಬಳಸೋ ಒಣ ಯೀಸ್ಟ್, ಸಿಕ್ಕರೆ ವೈನ್ ಯೀಸ್ಟ್.
- ಅರ್ಧ ಮೀಟರ್ ಸಣ್ಣ ಪೈಪು, ಒಂದು ನೀರಿನ ಬಾಟಲಿ, ಹಳೇ ಪಂಚೆಯ ತೆಳು ಬಟ್ಟೆ.
- ಕಾಯಿಸದ, ತಾಯಿ ಇರೋ ವಿನೆಗರ್. ಗೆಳೆಯರ ಹತ್ತಿರ ಸಿಗದಿದ್ದರೆ ಅಂಗಡಿಯಲ್ಲಿ "ತಾಯಿ ಸಹಿತ" ಅಂತ ಬರೆದಿರೋ ಆ್ಯಪಲ್ ಸೈಡರ್ ವಿನೆಗರ್ ಅರ್ಧ ಲೀಟರ್ ತಂದರೆ ಸಾಕು. ಪಾರದರ್ಶಕವಾಗಿರೋ ಬಿಳಿ ಸಿಂಥೆಟಿಕ್ ವಿನೆಗರ್‌ನಲ್ಲಿ ಜೀವ ಇರಲ್ಲ, ಅದು ಬರಲ್ಲ.

ಮೊದಲ ಹಂತ: ಯೀಸ್ಟ್‌ನ ಕೆಲಸ

1. ಹಣ್ಣು ಆರಿಸಿ. ಕುಳ್ಳ ಹಣ್ಣು, ಬಿಸಿಲು ಬಡಿದ ಹಣ್ಣು ಪರವಾಗಿಲ್ಲ. ಬೂಸು ಬಂದ ಭಾಗ ಇದ್ದರೆ ಆ ಹಣ್ಣನ್ನೇ ಬಿಡಿ. ಮಾರಾಟವಾಗದ ಹಣ್ಣು ಬೇರೆ, ಕೊಳೆತ ಹಣ್ಣು ಬೇರೆ.

2. ತೊಳೆದು, ಸಿಪ್ಪೆ ತೆಗೆದು, ರುಬ್ಬಿ, ಬಟ್ಟೆಯಲ್ಲಿ ಹಿಂಡಿ. ನನ್ನ ಅಳತೆಗೆ 20 ಕೆಜಿ ಸಣ್ಣ ಹಣ್ಣಿಗೆ ಹತ್ತು ಲೀಟರ್ ಆಸುಪಾಸು ರಸ ಬರತ್ತೆ.

3. ಸಕ್ಕರೆ ಅಳೆಯಿರಿ. ನಮಗೆ ಬೇಕಿರೋದು 12 ಬ್ರಿಕ್ಸ್, ಹೈಡ್ರೋಮೀಟರ್‌ನಲ್ಲಿ 1.048 ಹತ್ತಿರ. ಚೆನ್ನಾಗಿ ಹಣ್ಣಾದ ಕ್ಯೂ ತಳಿಯ ರಸ ಸಾಮಾನ್ಯವಾಗಿ 12ರಿಂದ 14 ಇರತ್ತೆ, ಆಗ ಏನೂ ಸೇರಿಸಬೇಕಿಲ್ಲ. ಕಡಿಮೆ ಇದ್ದರೆ ಒಂದು ಬ್ರಿಕ್ಸ್ ಏರಿಸೋಕೆ ಲೀಟರಿಗೆ ಸುಮಾರು 12 ಗ್ರಾಂ ಸಕ್ಕರೆ ಹಾಕಿ.

ಈ 12 ಎಲ್ಲಿಂದ ಬಂತು? ಬ್ರಿಕ್ಸನ್ನ 0.55ರಿಂದ ಗುಣಿಸಿದರೆ ಬರೋ ಆಲ್ಕೋಹಾಲ್ ಶೇಕಡಾ ಪ್ರಮಾಣದ ಅಂದಾಜು ಸಿಗತ್ತೆ. 12 ಬ್ರಿಕ್ಸ್‌ಗೆ ಸುಮಾರು 6.6. ಒಂದು ಪಾಲು ಆಲ್ಕೋಹಾಲ್ ಲೆಕ್ಕದ ಪ್ರಕಾರ ಸುಮಾರು ಒಂದು ಪಾಲು ಆಮ್ಲ ಕೊಡಬೇಕು. ಸ್ವಲ್ಪ ಆವಿಯಾಗಿ ಹೋಗತ್ತೆ, ಸ್ವಲ್ಪ ಉಳಿದುಬಿಡತ್ತೆ. ಕೊನೆಗೆ ಶೇಕಡಾ 5ರ ಹತ್ತಿರ ಹುಳಿ ಕೈಗೆ ಬರತ್ತೆ. 8 ಬ್ರಿಕ್ಸ್ ರಸದಿಂದ ಶುರು ಮಾಡಿದರೆ ಎಷ್ಟು ತಿಂಗಳು ಕಾದರೂ 5 ಆಗಲ್ಲ. 18 ಬ್ರಿಕ್ಸ್‌ನಿಂದ ಶುರು ಮಾಡಿದರೆ ಆಲ್ಕೋಹಾಲ್ ಜಾಸ್ತಿಯಾಗಿ ಬ್ಯಾಕ್ಟೀರಿಯಾ ಮಂಕಾಗತ್ತೆ.

4. ರಸವನ್ನ ಸ್ಟೀಲ್ ಪಾತ್ರೆಯಲ್ಲಿ 70–75 ಡಿಗ್ರಿಗೆ ಕಾಯಿಸಿ, ಹತ್ತು ನಿಮಿಷ ಅದೇ ಶಾಖದಲ್ಲಿ ಇಡಿ. ಕುದಿಸಬೇಡಿ. ಹಣ್ಣಿನ ಮೇಲಿಂದ ಬಂದ ಜೀವಿಗಳು ಕಡಿಮೆಯಾಗಲಿ ಅಂತ ಈ ಕೆಲಸ. ಮುಚ್ಚಿಟ್ಟು 30 ಡಿಗ್ರಿಗೆ ತಣಿಸಿ.

5. ಕ್ಯಾನ್, ಪೈಪು, ಜರಡಿ, ಸೌಟು ಎಲ್ಲವನ್ನೂ ಸೋಪು ಹಾಕಿ ತೊಳೆದು, ಸೋಪಿನ ವಾಸನೆ ಹೋಗೋವರೆಗೆ ಜಾಲಿಸಿ, ಕೊನೆಗೆ ಬಿಸಿನೀರು ಹಾಯಿಸಿ. ಬಿಯರ್ ಮಾಡೋರಿಗೆ ಇದೇ ಮೊದಲ ಪಾಠ. ಹುದುಗಿನ ದಿನ ಅರ್ಧ ಹೊತ್ತು ಪಾತ್ರೆ ತೊಳೆಯೋದೇ ಅಂತ ನನ್ನ ಗೆಳೆಯ ನಗ್ತಿರ್ತಾನೆ.

6. 10 ಲೀಟರಿಗೆ 3 ಗ್ರಾಂ ಒಣ ಯೀಸ್ಟ್. ಕಾಲು ಲೋಟ ಉಗುರುಬೆಚ್ಚಗಿನ ನೀರಲ್ಲಿ (35–38 ಡಿಗ್ರಿ) ಹದಿನೈದು ನಿಮಿಷ ನೆನೆಸಿ, ನೊರೆ ಬಂದ ಮೇಲೆ ರಸಕ್ಕೆ ಹಾಕಿ. ಕೈ ಸುಡೋ ನೀರಿಗೆ ಹಾಕಿದರೆ ಯೀಸ್ಟ್ ಸತ್ತೇ ಹೋಗತ್ತೆ.

7. ಕ್ಯಾನ್‌ನ ಮೂರನೇ ಒಂದು ಭಾಗ ಖಾಲಿ ಇರಲಿ, ನೊರೆ ಏರತ್ತೆ. ಮುಚ್ಚಳಕ್ಕೆ ತೂತು ಕೊರೆದು ಪೈಪು ಸಿಗಿಸಿ, ಇನ್ನೊಂದು ತುದಿಯನ್ನ ನೀರಿನ ಬಾಟಲಿಯಲ್ಲಿ ಮುಳುಗಿಸಿ. ಒಳಗಿನ ಗ್ಯಾಸ್ ಗುಳುಗುಳು ಅಂತ ಹೊರಗೆ ಹೋಗತ್ತೆ, ಹೊರಗಿನ ಗಾಳಿ ಒಳಗೆ ಬರಲ್ಲ. ಗಾಳಿ ಹೋಗೋ ದಾರಿ ಇಲ್ಲದಂತೆ ಬಿಗಿಯಾಗಿ ಮುಚ್ಚೋದು ಮಾತ್ರ ಯಾವತ್ತೂ ಬೇಡ. ಸೊರಬದ ಕಡೆಯ ಒಬ್ಬ ಗೆಳೆಯ ಗಾಜಿನ ಜಾಡಿಗೆ ಮುಚ್ಚಳ ತಿರುಗಿಸಿ ಬಿಗಿದಿಟ್ಟಿದ್ದ. ರಾತ್ರಿ ಜಾಡಿ ಸಿಡಿದು ಗಾಜಿನ ಚೂರು ಅಟ್ಟದವರೆಗೆ ಹಾರಿತ್ತು. ಮಕ್ಕಳು ಪಕ್ಕದ ಕೋಣೆಯಲ್ಲಿ ಮಲಗಿದ್ದರಿಂದ ಬಚಾವು.

8. 25–30 ಡಿಗ್ರಿಯ ನೆರಳಲ್ಲಿ ಇಡಿ. ಐದರಿಂದ ಎಂಟು ದಿನದಲ್ಲಿ ಗುಳ್ಳೆ ನಿಲ್ಲತ್ತೆ. ಗುಳ್ಳೆ ನಿಂತಿತು ಅಂದರೆ ಮುಗಿಯಿತು ಅಂತಲ್ಲ, ಹೈಡ್ರೋಮೀಟರ್ ನೋಡಿ. 1.000 ಆಸುಪಾಸಿಗೆ ಇಳಿದು ಎರಡು ದಿನ ಅಲ್ಲೇ ನಿಂತರೆ ಮುಗಿದ ಹಾಗೆ.

ಇಲ್ಲಿ ಬಹಳ ಜನ ಬೀಳೋ ಗುಂಡಿ ಒಂದಿದೆ. ರಿಫ್ರಾಕ್ಟೋಮೀಟರ್ ಆಲ್ಕೋಹಾಲ್ ಸೇರಿದ ಮೇಲೆ ತಪ್ಪು ತೋರಿಸತ್ತೆ. ಸಕ್ಕರೆ ಪೂರ್ತಿ ಮುಗಿದಿದ್ದರೂ ಅದರಲ್ಲಿ 4–5 ಬ್ರಿಕ್ಸ್ ಕಾಣತ್ತೆ. ನಾನು ಅದನ್ನ ನಂಬಿ "ಇನ್ನೂ ಸಕ್ಕರೆ ಇದೆ" ಅಂತ ಮತ್ತೆ ಯೀಸ್ಟ್ ಹಾಕಿ ಹತ್ತು ದಿನ ಕಾದಿದ್ದೀನಿ. ರಸ ಅಳೆಯೋಕೆ ಎರಡರಲ್ಲಿ ಯಾವುದಾದರೂ ಸರಿ. ಹುದುಗು ಮುಗಿಯಿತಾ ನೋಡೋಕೆ ಹೈಡ್ರೋಮೀಟರೇ ಬೇಕು.

ಎರಡನೇ ಹಂತ: ತಾಯಿಯ ಕೆಲಸ

ಮೊದಲು ಹೆಪ್ಪು ಬೆಳೆಸಿಕೊಳ್ಳಬೇಕು. ಇದಕ್ಕಂತಲೇ ಒಂದು ಲೀಟರ್ ರಸವನ್ನ ಮೂರು ನಾಲ್ಕು ವಾರ ಮುಂಚೆ ಹುದುಗಿಸಿ, ಅದಕ್ಕೆ ಅಂಗಡಿಯ ಅರ್ಧ ಲೀಟರ್ ತಾಯಿ ಸಹಿತ ವಿನೆಗರ್ ಬೆರೆಸಿ, ಅಗಲ ಜಾಡಿಯಲ್ಲಿ ಬಟ್ಟೆ ಕಟ್ಟಿ ಇಡಿ. ಎರಡು ಮೂರು ವಾರದಲ್ಲಿ ಒಂದೂವರೆ ಲೀಟರ್ ಜೀವಂತ ಹೆಪ್ಪು ತಯಾರು. ಹೆಪ್ಪು ಕಡಿಮೆ ಇದ್ದರೆ ಮೊದಲ ಸಲ ಆರು ಲೀಟರ್ ಮಾತ್ರ ಮಾಡಿ. ದುರಾಸೆ ಬೇಡ.

1. ಹುದುಗಿದ ದ್ರವವನ್ನ ಅಲ್ಲಾಡಿಸದೆ, ತಳದ ಗಸಿ ಬಿಟ್ಟು, ಪೈಪಲ್ಲಿ ಇಳಿಸಿಕೊಳ್ಳಿ. ಬಾಯಿಂದ ಎಳೀಬೇಡಿ. ಪೈಪಿಗೆ ನೀರು ತುಂಬಿ ಇಳಿಸಿ, ಮೊದಲು ಬರೋ ನೀರನ್ನ ಬೇರೆ ಲೋಟಕ್ಕೆ ಬಿಡಿ. ಗಸಿ ಕಾಂಪೋಸ್ಟ್‌ಗೆ ಒಳ್ಳೇದು.

2. ನಾಲ್ಕು ಪಾಲು ದ್ರವಕ್ಕೆ ಒಂದು ಪಾಲು ಹೆಪ್ಪು. ಶೇಕಡಾ 5ರ ಹೆಪ್ಪಾದರೆ ಮಿಶ್ರಣ ಶುರುವಿನಲ್ಲೇ ಶೇಕಡಾ 1ರ ಹುಳಿಯಲ್ಲಿ ಇರತ್ತೆ. ಈ ಹುಳಿಯೇ ಬೇಲಿ. ಇಷ್ಟು ಹುಳಿ ಇದ್ದರೆ ಬೂಸು, ಕೊಳೆಸೋ ಬ್ಯಾಕ್ಟೀರಿಯಾ ಅಷ್ಟು ಸುಲಭವಾಗಿ ತಳ ಊರಲ್ಲ.

3. ಅಗಲ ಪಾತ್ರೆಯಲ್ಲಿ ಒಂದು ಗೇಣಿಗಿಂತ ಆಳ ಇರದ ಹಾಗೆ ತುಂಬಿ. ಬ್ಯಾಕ್ಟೀರಿಯಾ ದುಡಿಯೋದು ಮೇಲ್ಮೈಯಲ್ಲಿ. ಉದ್ದ ಬಾಟಲಿಯಲ್ಲಿ ಮೂರು ತಿಂಗಳು ತಗೊಳ್ಳೋ ಕೆಲಸ ಅಗಲ ಟಬ್ಬಿನಲ್ಲಿ ಎಷ್ಟೋ ಬೇಗ ಮುಗಿಯತ್ತೆ.

4. ಎರಡು ಮಡಿಕೆ ಪಂಚೆ ಬಟ್ಟೆ ಕಟ್ಟಿ, ದಾರದಿಂದ ಬಿಗಿಯಿರಿ. ಹಣ್ಣಿಗೆ ಮುತ್ತೋ ಆ ಸಣ್ಣ ನೊಣಗಳು ಹುಳಿ ವಾಸನೆಗೆ ಎಲ್ಲಿದ್ದರೂ ಬರತ್ತೆ. ಸೊಳ್ಳೆ ಪರದೆ ಸಾಲಲ್ಲ, ಕಣ್ಣಿನ ಅಗಲ ಜಾಸ್ತಿ.

5. 28–30 ಡಿಗ್ರಿಯ, ಗಾಳಿಯಾಡೋ, ಬಿಸಿಲು ಬೀಳದ ಜಾಗದಲ್ಲಿ ಇಡಿ. ದಿನಾ ಕಲಕಬೇಡಿ, ಮೇಲಿನ ಪದರ ಮುಳುಗಿದರೆ ಅದಕ್ಕೆ ಉಸಿರಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಇದೇ ಕೆಲಸ ನಿಧಾನ. ನಮ್ಮಲ್ಲಿ ಬೇಸಿಗೆಯಲ್ಲಿ ಐದು ವಾರ ಹಿಡಿದದ್ದು ಜುಲೈನಲ್ಲಿ ಒಂಬತ್ತು ವಾರ ಹಿಡಿದಿತ್ತು.

ಹುಳಿ ಎಷ್ಟಿದೆ ಅಂತ ನಾಲಿಗೆ ಹೇಳಲ್ಲ

ಈ ಭಾಗವನ್ನ ದಯವಿಟ್ಟು ಹಾರಿಸಬೇಡಿ. ನಾನು ಹಾರಿಸಿದ್ದೆ.

ಎರಡನೇ ವರ್ಷ ವಿನೆಗರ್ ಚೆನ್ನಾಗೇ ಬಂದಿತ್ತು. ಪಿಎಚ್ ಕಾಗದ ಅದ್ದಿದರೆ 3 ತೋರಿಸಿತು, ಬಾಯಿಗೆ ಹಾಕಿದರೆ ಕಣ್ಣು ಮುಚ್ಚೋಷ್ಟು ಹುಳಿ. ಖುಷಿಯಲ್ಲಿ ಹನ್ನೆರಡು ಬಾಟಲಿ ನೆಂಟರಿಗೆ ಹಂಚಿದೆ. ಚಿಕ್ಕಮ್ಮ ಅದರಲ್ಲಿ ಎಳೆ ಸೌತೆಕಾಯಿ, ಈರುಳ್ಳಿ ನೆನೆಹಾಕಿದರು. ಮೂರನೇ ವಾರಕ್ಕೆ ಜಾಡಿ ತುಂಬ ಲೋಳೆ. ಆಮೇಲೆ ಅಳೆದು ನೋಡಿದರೆ ಹುಳಿ ಶೇಕಡಾ 2.4 ಮಾತ್ರ. ಚಿಕ್ಕಮ್ಮ ವಾಸನೆ ನೋಡಿ ಚೆಲ್ಲಿದರು. ವಾಸನೆ ಬರದೇ ಕೆಟ್ಟಿದ್ದರೆ ಅನ್ನೋ ಯೋಚನೆ ನನ್ನನ್ನ ಬಹಳ ದಿನ ಕಾಡಿತು. ಉಪ್ಪಿನಕಾಯಿ ಜಾಡಿಯೊಳಗಿನ ಪಿಎಚ್ 4.6 ದಾಟಿದರೆ ಬೊಟುಲಿಸಂ ತರೋ ಬ್ಯಾಕ್ಟೀರಿಯಾ ಬೆಳೆಯೋ ಸಾಧ್ಯತೆ ಇದೆ. ಅದರ ವಿಷ ಜೀವ ತೆಗೆಯುವಂಥದ್ದು, ಕಣ್ಣಿಗೆ ಮೂಗಿಗೆ ಗೊತ್ತಾಗಲ್ಲ.

ಪಿಎಚ್ ಕಾಗದ ಯಾಕೆ ಮೋಸ ಮಾಡಿತು? ಅಸಿಟಿಕ್ ಆಮ್ಲ ದುರ್ಬಲ ಆಮ್ಲ. ಶೇಕಡಾ 2 ಇದ್ದರೂ 5 ಇದ್ದರೂ ಪಿಎಚ್ ಹೆಚ್ಚುಕಮ್ಮಿ ಅಲ್ಲೇ ಇರತ್ತೆ. ಆದರೆ ತರಕಾರಿಯ ನೀರು ಸೇರಿದಾಗ ತಡೆದುಕೊಳ್ಳೋ ಶಕ್ತಿ ಆಮ್ಲದ ಒಟ್ಟು ಪ್ರಮಾಣದ ಮೇಲಿದೆ. ಆ ಪ್ರಮಾಣ ತಿಳಿಯೋಕೆ ಟೈಟ್ರೇಷನ್ ಮಾಡಬೇಕು. ಪಿಯುಸಿ ವಿಜ್ಞಾನ ಓದಿದವರು ಲ್ಯಾಬಲ್ಲಿ ಮಾಡಿರ್ತೀರಿ:

- 2 ಮಿ.ಲೀ. ವಿನೆಗರ್ ಸಿರಿಂಜಲ್ಲಿ ಅಳೆದು, 20 ಮಿ.ಲೀ. ಡಿಸ್ಟಿಲ್ಡ್ ನೀರು ಬೆರೆಸಿ.
- ಎರಡು ಮೂರು ಹನಿ ಫಿನಾಲ್ಫ್ತಲೀನ್ ಹಾಕಿ.
- 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನ ಹನಿ ಹನಿಯಾಗಿ ಬಿಡ್ತಾ ಅಲ್ಲಾಡಿಸಿ. ತಿಳಿ ಗುಲಾಬಿ ಬಣ್ಣ ಬಂದು ಅರ್ಧ ನಿಮಿಷ ನಿಂತರೆ ನಿಲ್ಲಿಸಿ.
- ಖರ್ಚಾದ ಮಿ.ಲೀ. ಅನ್ನು 0.3ರಿಂದ ಗುಣಿಸಿ. ಬಂದದ್ದೇ ಶೇಕಡಾ ಹುಳಿ.

12.5 ಮಿ.ಲೀ. ಹಿಡಿದರೆ ಶೇಕಡಾ 3.75. ಸುಮಾರು 16.7 ಮಿ.ಲೀ. ಹಿಡಿದರೆ ಶೇಕಡಾ 5. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಂತೆ ವಿನೆಗರ್ ಅನ್ನಿಸಿಕೊಳ್ಳೋಕೆ ಕನಿಷ್ಠ 3.75 ಇರಬೇಕು. ಉಪ್ಪಿನಕಾಯಿಗೆ ನಾನು 5ಕ್ಕಿಂತ ಕಡಿಮೆ ಇದ್ದದ್ದನ್ನ ಕೊಡಲ್ಲ. ಅದಕ್ಕಿಂತ ಕಡಿಮೆ ಬಂದರೆ ಸಲಾಡ್‌ಗೆ, ಚಟ್ನಿಗೆ ಬಳಸಿ, ಅಥವಾ ಮುಂದಿನ ಸಲದ ಹೆಪ್ಪಿಗೆ ಎತ್ತಿಡಿ.

ಸೋಡಿಯಂ ಹೈಡ್ರಾಕ್ಸೈಡ್ ಚರ್ಮ, ಕಣ್ಣು ಸುಡತ್ತೆ. ಕೈಗವಸು, ಕನ್ನಡಕ ಹಾಕಿಕೊಳ್ಳಿ, ದ್ರಾವಣ ತಯಾರಾಗಿ ಸಿಗೋದನ್ನೇ ತನ್ನಿ, ಅಡುಗೆಮನೆಯ ಪಾತ್ರೆ ಬಳಸಬೇಡಿ. ಸಾಧ್ಯವಾಗದಿದ್ದರೆ ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಕೇಳಿ ನೋಡಿ. ನನಗೆ ಮೊದಲ ಸಲ ಅಳೆದುಕೊಟ್ಟಿದ್ದು ಅಂಥ ಒಬ್ಬ ಮೇಷ್ಟ್ರೇ.

ಹುಳಿ ಏರೋದು ನಿಂತ ಮೇಲೆ ಹಾಗೇ ಬಿಡಬೇಡಿ. ಆಲ್ಕೋಹಾಲ್ ಮುಗಿದ ಮೇಲೆ ಕೆಲವು ಬ್ಯಾಕ್ಟೀರಿಯಾ ಅಸಿಟಿಕ್ ಆಮ್ಲವನ್ನೇ ತಿಂದು ನೀರು, ಗ್ಯಾಸ್ ಮಾಡತ್ತೆ. ವಾರಕ್ಕೊಮ್ಮೆ ಅಳೆದು, ಎರಡು ವಾರ ಒಂದೇ ಕಡೆ ನಿಂತರೆ ಸೋಸಿ, 65 ಡಿಗ್ರಿಗೆ ಅರ್ಧ ಗಂಟೆ ಕಾಯಿಸಿ, ಬಾಟಲಿಯ ಕತ್ತಿನವರೆಗೆ ತುಂಬಿ ಮುಚ್ಚಿ. ಹೆಪ್ಪಿಗೆ ಬೇಕಾದ್ದನ್ನ ಕಾಯಿಸೋ ಮುಂಚೆ ತೆಗೆದಿಡೋದು ಮರೀಬೇಡಿ.

ಏನು ಕಂಡರೆ ಏನು ಅರ್ಥ?

ಮೇಲೆ ನುಣುಪಾದ, ಜೆಲ್ಲಿ ಥರದ ಪದರ: ಇದೇ ತಾಯಿ. ಮುಟ್ಟಬೇಡಿ.

ಬಿಳಿ, ಸುಕ್ಕುಸುಕ್ಕಾದ, ಹುಡಿ ಹುಡಿ ಪದರ: ಬೇರೆ ಜಾತಿಯ ಯೀಸ್ಟ್. ಶುರುವಿನ ಹುಳಿ ಸಾಲದು ಅಂತ ಅರ್ಥ. ತೆಳುವಾಗಿದ್ದಾಗಲೇ ತೆಗೆದು ಹೆಪ್ಪು ಹೆಚ್ಚಿಸಿ.

ಹಸಿರು, ಕಪ್ಪು, ಕೂದಲಿನಂಥ ಬೆಳವಣಿಗೆ: ಬೂಸು. ಮೇಲಿಂದ ತೆಗೆದು ಬಳಸೋ ಯೋಚನೆ ಬೇಡ, ಪೂರ್ತಿ ಚೆಲ್ಲಿ.

ಉಗುರುಬಣ್ಣ ತೆಗೆಯೋ ದ್ರವದ ವಾಸನೆ: ಆಲ್ಕೋಹಾಲ್, ಆಮ್ಲ ಎರಡೂ ಸೇರಿ ಆಗೋ ಈಥೈಲ್ ಅಸಿಟೇಟ್. ಗಾಳಿ ಸಾಲದೇ ಇದ್ದಾಗ ಜಾಸ್ತಿ. ಇನ್ನೂ ಅಗಲದ ಪಾತ್ರೆಗೆ ಹಾಕಿ ಕಾದರೆ ಬಹಳ ಸಲ ಇಳಿಯತ್ತೆ.

ಮೊದಲ ಹಂತದಲ್ಲಿ ಕೊಳೆ ಮೊಟ್ಟೆ ವಾಸನೆ: ಯೀಸ್ಟ್‌ಗೆ ಪೋಷಕಾಂಶ ಸಾಲದು, ಅಥವಾ ಬಿಸಿ ಜಾಸ್ತಿ. ತಂಪು ಜಾಗಕ್ಕೆ ಬದಲಿಸಿ, ಗಸಿಯಿಂದ ಬೇಗ ಬೇರೆ ಮಾಡಿ.

ವಾಂತಿ ಬರೋ ಥರ ವಾಸನೆ: ನನ್ನ 40 ಲೀಟರ್ ಡ್ರಮ್ಮಿನ ಕತೆ. ಚೆಲ್ಲಿ, ಪಾತ್ರೆಯನ್ನೂ ಬದಲಿಸಿ.

ಬೇರೆ ಹಣ್ಣಿಗೆ ಹೇಗೆ?

ಬಲಿತ ಕಾಯಿಯ ತೆಂಗಿನ ನೀರು: ಕೊಬ್ಬರಿ ಪುಡಿ ಮಾಡೋ ಕಡೆ ಚರಂಡಿಗೆ ಹೋಗೋ ನೀರಿದು. 5 ಬ್ರಿಕ್ಸ್ ಆಸುಪಾಸು ಇರೋದರಿಂದ ಸಕ್ಕರೆ ಸೇರಿಸಲೇಬೇಕು. 10 ಲೀಟರಿಗೆ ಸುಮಾರು 800 ಗ್ರಾಂ ಸಕ್ಕರೆ, ಬೆಲ್ಲವಾದರೆ 900 ಗ್ರಾಂ. ಕಾಯಿ ಒಡೆದ ಕೆಲವೇ ಗಂಟೆಯಲ್ಲಿ ಕಾಯಿಸಿ, ತಡ ಮಾಡಿದರೆ ಕೆಡತ್ತೆ.

ಗೇರು ಹಣ್ಣು: ಸಕ್ಕರೆ ಚೆನ್ನಾಗಿದೆ, ಒಗರು ಜಾಸ್ತಿ. ರಸಕ್ಕೆ ಗಂಜಿ ತಿಳಿ ಬೆರೆಸಿ ಕೆಲ ಗಂಟೆ ಬಿಟ್ಟರೆ ಒಗರಿನ ಟ್ಯಾನಿನ್ ತಳಕ್ಕೆ ಕೂರತ್ತೆ, ಮೇಲಿನ ತಿಳಿ ಬಳಸಿ.

ಬಾಳೆ, ಸಪೋಟ: ಸಕ್ಕರೆ ಬಹಳ, ತಿರುಳು ಗಟ್ಟಿ. ನೀರು ಬೆರೆಸಿ 12 ಬ್ರಿಕ್ಸ್‌ಗೆ ಇಳಿಸಿ. ಇವುಗಳಲ್ಲಿ ಹುಳಿ ಕಡಿಮೆ, ಹಾಗಾಗಿ ಲೀಟರಿಗೆ ಒಂದು ದೊಡ್ಡ ನಿಂಬೆಹಣ್ಣಿನ ರಸ ಹಾಕಿ.

ಬರೆದಿಡಿ, ಹೇಳಿಕೊಳ್ಳಿ

ಈಗ ನಾವು ಹನ್ನೊಂದು ಜನ ಗೆಳೆಯರು ಸೇರಿ ಇದನ್ನ ಮಾಡ್ತಿದ್ದೀವಿ. ಅನಾನಸ್‌ನವರು, ತೆಂಗಿನವರು, ಒಬ್ಬ ಗೇರು ಬೆಳೆಗಾರ. ನಮ್ಮದು ಒಂದೇ ನಿಯಮ: ಪ್ರತಿ ಪಾತ್ರೆಗೂ ಒಂದು ನಂಬರ್, ಫೋನಿನಲ್ಲಿ ಒಂದು ಟಿಪ್ಪಣಿ. ಹಣ್ಣು ಯಾವುದು, ದಿನಾಂಕ, ಶುರುವಿನ ಬ್ರಿಕ್ಸ್, ಯೀಸ್ಟ್ ಎಷ್ಟು ಗ್ರಾಂ, ಬೆಳಿಗ್ಗೆ ಮತ್ತು ಮಧ್ಯಾಹ್ನದ ಶಾಖ, ಹೆಪ್ಪು ಯಾರದ್ದು, ವಾರವಾರದ ಹುಳಿ, ಕೊನೆಗೆ ಏನಾಯಿತು. ವಾರಕ್ಕೊಂದು ಫೋಟೋ. ಕೆಟ್ಟರೆ ಮೊದಲು ಫೋಟೋ, ಆಮೇಲೆ ಚೆಲ್ಲೋದು.

ಆರಂಭದಲ್ಲಿ ಎಲ್ಲರೂ ಚೆನ್ನಾಗಿ ಬಂದ ಬಾಟಲಿಯ ಫೋಟೋವನ್ನೇ ಕಳಿಸ್ತಿದ್ದರು. ನಮ್ಮ ಗೇರು ಗೆಳೆಯ ಒಂದಿನ ಬೂಸು ಬಂದ ಟಬ್ಬಿನ ಫೋಟೋ ಹಾಕಿ, "ಇದು ನನ್ನ ಮೂರನೇ ಸೋಲು, ಯಾಕೆ ಅಂತ ಹೇಳ್ರಪ್ಪಾ" ಅಂದ. ಆ ಸಂಜೆ ಆರು ಜನ ತಮ್ಮ ತಮ್ಮ ಸೋಲು ಹೊರಗೆ ತೆಗೆದರು. ಟಿಪ್ಪಣಿ ಪಕ್ಕಪಕ್ಕ ಇಟ್ಟು ನೋಡಿದಾಗ ಆರಕ್ಕೆ ನಾಲ್ಕು ಕಡೆ ಹೆಪ್ಪು ಹತ್ತಕ್ಕೆ ಒಂದಕ್ಕಿಂತ ಕಡಿಮೆ ಹಾಕಿದ್ದು ಗೊತ್ತಾಯಿತು. ನಾಲ್ಕಕ್ಕೆ ಒಂದು ಅನ್ನೋ ಅಳತೆಗೆ ನಾವು ಬಂದಿದ್ದು ಹಾಗೆ. ಒಬ್ಬನೇ ಮಾಡಿದ್ದರೆ ಆರು ಸುಗ್ಗಿ ಬೇಕಾಗ್ತಿತ್ತು.

ಹೆಪ್ಪನ್ನೂ ಹಂಚಿಕೊಳ್ಳಿ. ಕಳೆದ ಮಳೆಗಾಲದಲ್ಲಿ ನನ್ನ ತಾಯಿ ಜಾಡಿಗೆ ಬೂಸು ಬಂದು ಪೂರ್ತಿ ಹೋಯಿತು. ಎರಡು ವರ್ಷ ಹಿಂದೆ ನಾನೇ ಕೊಟ್ಟಿದ್ದ ಹೆಪ್ಪು ತೀರ್ಥಹಳ್ಳಿಯ ಗೆಳೆಯನ ಮನೆಯಲ್ಲಿ ಬದುಕಿತ್ತು. ಒಂದು ಲೀಟರ್ ಬಾಟಲಿಯಲ್ಲಿ ಬಸ್ಸಿನಲ್ಲಿ ವಾಪಸ್ ಬಂತು.

ಮಾರೋ ಮುಂಚೆ

ಮನೆ ಬಳಕೆಗೆ ಮಾಡೋದು ಒಂದು, ಮಾರೋದು ಇನ್ನೊಂದು. ಮಾರೋದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಅಥವಾ ಪರವಾನಗಿ ಬೇಕು, ಹುಳಿ ಪ್ರಮಾಣದ ಪರೀಕ್ಷೆ ಬೇಕು, ಸರಿಯಾದ ಲೇಬಲ್ ಬೇಕು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಮತ್ತು ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಹಣ್ಣು ಸಂಸ್ಕರಣೆ ತಿಳಿದವರಿದ್ದಾರೆ, ದುಡ್ಡು ಹಾಕೋ ಮೊದಲು ಅಲ್ಲಿ ವಿಚಾರಿಸಿ. "ತೂಕ ಇಳಿಸತ್ತೆ, ಸಕ್ಕರೆ ಕಾಯಿಲೆ ವಾಸಿ ಮಾಡತ್ತೆ" ಅಂತೆಲ್ಲ ಲೇಬಲ್ ಮೇಲೆ ಬರೆಯೋ ಆಸೆಗೆ ಬೀಳಬೇಡಿ.

ಬಿದ್ದ ದರವನ್ನ ವಿನೆಗರ್ ಎತ್ತಿ ನಿಲ್ಲಿಸಲ್ಲ. ಒಂದು ಟನ್ ಹಣ್ಣು ಉಳಿದವರಿಗೆ ಇದು ಪರಿಹಾರ ಅಂತ ನಾನು ಹೇಳಲ್ಲ. ಬದುವಿನ ಮೇಲೆ ಉಳಿಯೋ ಇಪ್ಪತ್ತು ಕೆಜಿಗೆ ಒಂದು ದಾರಿ ಅಂತ ಮಾತ್ರ ಹೇಳ್ತೀನಿ. ನಮ್ಮ ಮನೆಗೆ ಈಗ ವಿನೆಗರ್ ಕೊಳ್ಳಲ್ಲ. ಚಿಕ್ಕಮ್ಮ ಮತ್ತೆ ಬಾಟಲಿ ಕೇಳಿದ್ದಾರೆ. ಈ ಸಲ ಅವರ ಮೊದಲ ಪ್ರಶ್ನೆ, "ಅಳೆದಿದ್ದೀಯೇನೋ?" ಬಾಟಲಿ ಮೇಲೆ ಅಂಟಿಸಿದ್ದ ಚೀಟಿ ತೋರಿಸಿದೆ: ಶೇಕಡಾ 5.1, ಪಾತ್ರೆ ನಂಬರ್ 17.

ಈ ಸುಗ್ಗಿಗೆ ಹತ್ತು ಲೀಟರೂ ಬೇಡ. ಎರಡು ಕೆಜಿ ಹಣ್ಣು, ಒಂದು ಲೀಟರ್ ರಸ, ಅರ್ಧ ಲೀಟರ್ ತಾಯಿ ವಿನೆಗರ್‌ನಿಂದ ಶುರು ಮಾಡಿ. ಅದು ಕೆಟ್ಟರೆ ಹೋಗೋದು ಎರಡು ಹಣ್ಣು ಮಾತ್ರ. ಚೆನ್ನಾಗಿ ಬಂದರೆ ಮುಂದಿನ ಸುಗ್ಗಿಗೆ ಬೇಕಾದ ಹೆಪ್ಪು ನಿಮ್ಮ ಮನೆಯಲ್ಲೇ ಇರತ್ತೆ, ಪಕ್ಕದ ಮನೆಯವರು ಕೇಳಿದರೆ ಕೊಡೋಕೂ ಇರತ್ತೆ.